ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ವಾಲ್ ಮೇರಿಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರಿಜೈನಾದಲ್ಲಿ. ಜುಲೈನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. "ನಯಾಗರ ಎಲ್ಲರೂ ನೋಡ್ತಾರೆ, ನಿಮ್ಮ ಕಡೆ ಹಳ್ಳಿ ಹೇಗಿರುತ್ತೆ ತೋರಿಸು" ಅಂತ ಅಪ್ಪನ ಹಟ. ಅದಕ್ಕೇ ಸಸ್ಕಾಚೆವಾನ್‌ನ ದಕ್ಷಿಣ ತುದಿಯ ವಾಲ್ ಮೇರಿ ಅನ್ನೋ ಹಳ್ಳಿ ಆರಿಸಿದ್ದೇವೆ. ಸ್ವಿಫ್ಟ್ ಕರೆಂಟ್‌ನಿಂದ 4ನೇ ಹೆದ್ದಾರಿಯಲ್ಲಿ ಸುಮಾರು 120 ಕಿ.ಮೀ. ಸರ್ಕಾರಿ ಬಸ್ ಕಂಪನಿಯನ್ನೇ 2017ರಲ್ಲಿ ಮುಚ್ಚಿಬಿಟ್ಟರು, ಹಾಗಾಗಿ ಕಾರೇ ಗತಿ.

ಊರು ತೀರಾ ಚಿಕ್ಕದು. ಹಳೇ ಧಾನ್ಯದ ಎಲಿವೇಟರ್ (ಧಾನ್ಯ ತುಂಬಿಡುವ ಎತ್ತರದ ಕಟ್ಟಡ), ಫ್ರೆಂಚ್‌ಮನ್ ನದಿ, ಪಕ್ಕದಲ್ಲೇ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ 2005ರಲ್ಲಿ 71 ಬೈಸನ್ (ನಮ್ಮ ಕಾಡುಕೋಣದಂಥ ದೊಡ್ಡ ಪ್ರಾಣಿ) ತಂದು ಸೇರಿಸಿದರು, ಈಗ ಮಂದೆ ದೊಡ್ಡದಾಗಿದೆ. ಪ್ರೈರಿ ಡಾಗ್‌ಗಳೂ ಇವೆ (ನಾಯಿಯಲ್ಲ, ಅಳಿಲಿನ ಬಳಗ). ಕೆನಡಾದಲ್ಲಿ ಅವು ಸಹಜ ನೆಲೆಯಲ್ಲಿ ಉಳಿದಿರುವುದು ಈ ಭಾಗದಲ್ಲಿ ಮಾತ್ರ. ಅಮ್ಮನಿಗೆ ಅದೇ ಜಾಸ್ತಿ ಆಸೆ.

ನನ್ನ ಚಿಂತೆ ರಸ್ತೆಯದು. ಉದ್ಯಾನದೊಳಗೆ ಜಲ್ಲಿ ರಸ್ತೆ. ಮಳೆ ಬಂದರೆ ಆ ಕಡೆಯ ಜೇಡಿಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಕೂಡ ಇಲ್ಲ. ನಮ್ಮದು ಸಣ್ಣ ಸೆಡಾನ್. ಸಾಕಾ, ಇಲ್ಲ ಎಸ್‌ಯುವಿ ಬಾಡಿಗೆಗೆ ತಗೊಳ್ಳಲಾ? ಅಪ್ಪನಿಗೆ ಮಂಡಿ ನೋವು, ಹೆಚ್ಚು ನಡೆಯದೆ ಬೈಸನ್ ಕಾಣುವ ಜಾಗ ಯಾವುದು? ಗಿಲಕಿ ಹಾವಿನ ಭಯವೂ ಇದೆ, ಅಲ್ವಾ? ಇಬ್ಬರೂ ಅಪ್ಪಟ ಸಸ್ಯಾಹಾರಿಗಳು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಕಟ್ಟಿಕೊಂಡೇ ಹೋಗುತ್ತೇವೆ. ಆದರೆ ಅನ್ನ ಮಾಡಿಕೊಳ್ಳಲು ಅಡುಗೆಮನೆ ಇರುವ ರೂಮ್ ಊರಲ್ಲಿ ಸಿಗುತ್ತದಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.