ಒಂದೇ ಕುರ್ಚಿ, ಒಂದೇ ಮುಖ, ಎರಡು ಬೆಳಕು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಫೋಟೊಗ್ರಫಿ ಗುಂಪಿನಲ್ಲಿ ಅಜ್ಜಿಯ ಎರಡು ಫೋಟೊ ಹಾಕಿದ್ದೇನೆ. ಅದೇ ಕೋಣೆ, ಅದೇ ಕುರ್ಚಿ, ಅದೇ 50 ಎಂಎಂ ಲೆನ್ಸು. ಮಧ್ಯಾಹ್ನ ತೆಗೆದಾಗ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು, ಕಿಟಕಿ ಅವರ ಎಡಕ್ಕೆ. ಸಂಜೆ ಕುರ್ಚಿಯನ್ನು ಕೋಣೆಯ ನಡುವಿಗೆ ಎಳೆದು, ಸೂರಿನ ದೀಪ ಹಾಕಿ ತೆಗೆದೆ. ಮೊದಲನೆಯದರಲ್ಲಿ ಏನೋ ನೆನಪಿಸಿಕೊಳ್ಳುತ್ತಾ ಕೂತ ಹಾಗಿದ್ದಾರೆ. ಎರಡನೆಯದನ್ನು ನೋಡಿ ಅಕ್ಕ "ಅಜ್ಜಿಗೆ ಹುಷಾರಿಲ್ವಾ?" ಅಂದಳು. ಅವತ್ತು ಅಜ್ಜಿ ಆರಾಮಾಗೇ ಇದ್ದರು, ಎರಡರಲ್ಲೂ ಮುಖಭಾವ ಹೆಚ್ಚುಕಮ್ಮಿ ಒಂದೇ. ಎಡಿಟಿಂಗ್‌ನಲ್ಲಿ ಏನೆಲ್ಲ ಒದ್ದಾಡಿದರೂ ಆ ಮೂಡ್ ಹೋಗುತ್ತಿಲ್ಲ. ತಪ್ಪಿದ್ದೆಲ್ಲಿ?

ಉತ್ತರ: ಎರಡನೆಯ ಫೋಟೊದಲ್ಲಿ ಕಣ್ಣನ್ನು ಹಿಗ್ಗಿಸಿ ನೋಡಿ. ಕಣ್ಣುಗುಡ್ಡೆಯಲ್ಲಿ ಬೆಳಕಿನ ಚುಕ್ಕೆಯೇ ಇಲ್ಲ. ದೀಪ ನೆತ್ತಿಯ ಮೇಲಿರುವುದರಿಂದ ಹುಬ್ಬಿನ ಮೂಳೆಯ ನೆರಳು ಕಣ್ಣಿನ ಗುಳಿಯನ್ನು ತುಂಬಿದೆ, ಮೂಗಿನ ನೆರಳು ತುಟಿಯ ಮೇಲೆ ಇಳಿದಿದೆ, ಕೆನ್ನೆ ಒಳಕ್ಕೆ ಹೋದಂತಿದೆ. ಗುಳಿಬಿದ್ದ ಕಣ್ಣು, ಬತ್ತಿದ ಕೆನ್ನೆ ಕಂಡರೆ ನಾವು ಕಾಯಿಲೆ ಎಂದೇ ಓದುತ್ತೇವೆ. ನಿಮ್ಮ ಅಕ್ಕ ಓದಿದ್ದು ಅಜ್ಜಿಯ ಮುಖವನ್ನಲ್ಲ, ನೆರಳನ್ನು. ಎಡಿಟಿಂಗ್‌ನಲ್ಲಿ ನೆರಳನ್ನು ತಿಳಿ ಮಾಡಬಹುದು, ಅದು ಬಿದ್ದ ಜಾಗ ಬದಲಾಗುವುದಿಲ್ಲ.

ಮಧ್ಯಾಹ್ನದ ಚಿತ್ರದಲ್ಲಿ ಎರಡೂ ಕಣ್ಣಲ್ಲಿ ಕಿಟಕಿಯ ಪುಟ್ಟ ಚೌಕ ಮಿಂಚುತ್ತಿದೆ. ನಾವು ಅದನ್ನು ಕ್ಯಾಚ್‌ಲೈಟ್ ಅನ್ನುತ್ತೇವೆ. ಆ ಚುಕ್ಕೆ ಇದ್ದರೆ ಆ ಮನುಷ್ಯ ಏನನ್ನೋ ನೋಡುತ್ತಿದ್ದಾನೆ ಅನಿಸುತ್ತದೆ. ಬೆಳಕು ಪಕ್ಕದಿಂದ ಬಂದಿರುವುದರಿಂದ ಸುಕ್ಕುಗಳೂ ಎದ್ದಿವೆ, ಆದರೆ ದಣಿವಾಗಿ ಅಲ್ಲ, ಬಾಳಿದ ಗುರುತಾಗಿ.

ನಾನು ಯಾರದೇ ಭಾವಚಿತ್ರ ತೆಗೆಯುವಾಗ ದೀಪ ಎಲ್ಲಿಡಲಿ ಅಂತ ಯೋಚಿಸುವುದಿಲ್ಲ. ನೆರಳು ಎಲ್ಲಿ ಬೀಳಬೇಕು ಅಂತ ತೀರ್ಮಾನಿಸಿಕೊಂಡರೆ ದೀಪದ ಜಾಗ ತಾನಾಗಿ ಸಿಗುತ್ತದೆ.

ಮರುಪ್ರಶ್ನೆ: ಹಾಗಾದರೆ ದೀಪ ಕೆಳಗಿಟ್ಟರೆ ಕಣ್ಣಿನ ಗುಳಿ ತುಂಬುತ್ತದಲ್ಲ ಮೇಡಂ?

ಉತ್ತರ: ತುಂಬುತ್ತದೆ, ಅಜ್ಜಿ ದೆವ್ವವಾಗುತ್ತಾರೆ! ಮಕ್ಕಳು ಗಲ್ಲದ ಕೆಳಗೆ ಟಾರ್ಚ್ ಹಿಡಿದು ಹೆದರಿಸುವುದು ಇದೇ ಲೆಕ್ಕದಲ್ಲಿ. ಬೆಳಕು ಮೇಲಿಂದಲೇ ಬರುತ್ತದೆ ಎಂದು ನಮ್ಮ ಮಿದುಳು ನಂಬಿ ಕೂತಿದೆ. ಚಂದ್ರನ ಕುಳಿಗಳ ಫೋಟೊ ಒಂದನ್ನು ತಲೆಕೆಳಗು ಮಾಡಿ ನೋಡಿ, ಎಷ್ಟೋ ಸಲ ಕುಳಿಗಳೆಲ್ಲ ಉಬ್ಬಿದ ಗುಳ್ಳೆಗಳ ಹಾಗೆ ಕಾಣುತ್ತವೆ. ಮುಖದ ವಿಷಯದಲ್ಲೂ ಹಾಗೆಯೇ: ಕೆಳಗಿನಿಂದ ಬೆಳಕು ಬಿದ್ದರೆ ಗುರುತಿನ ಮುಖವೂ ಅಪರಿಚಿತವಾಗುತ್ತದೆ.

ಇದನ್ನು ಬೇಕಂತಲೇ ಬಳಸಿದವರೂ ಇದ್ದಾರೆ. 1963ರಲ್ಲಿ ಅಮೆರಿಕದ ಛಾಯಾಗ್ರಾಹಕ ಆರ್ನಾಲ್ಡ್ ನ್ಯೂಮನ್ ಜರ್ಮನಿಯ ಕೈಗಾರಿಕೋದ್ಯಮಿ ಆಲ್ಫ್ರೀಡ್ ಕ್ರುಪ್‌ನ ಭಾವಚಿತ್ರ ತೆಗೆದರು. ನಾಜಿ ಆಡಳಿತದ ಯುದ್ಧಕಾಲದಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡದ್ದಕ್ಕೆ ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಯಾಗಿದ್ದ ಮನುಷ್ಯ ಅವನು, ನ್ಯೂಮನ್ ಯಹೂದಿ. ಹಿಂದೆ ಕಾರ್ಖಾನೆ. ದೀಪಗಳನ್ನು ಎರಡೂ ಪಕ್ಕಕ್ಕೆ ಇಟ್ಟು, ಅವನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರು. ಮುಖದ ಅಂಚುಗಳು ಬೆಳಗಿದವು, ನಡುಭಾಗ ಕತ್ತಲಿಗೆ ಜಾರಿತು. ಶೀರ್ಷಿಕೆ ಓದದವರಿಗೂ ಇವನು ಒಳ್ಳೆಯವನಲ್ಲ ಅನಿಸುತ್ತದೆ. ದೀಪ ಅಲ್ಲಿ ಸಾಕ್ಷಿ ಹೇಳುತ್ತಿಲ್ಲ, ತೀರ್ಪು ಕೊಡುತ್ತಿದೆ.

ಮತ್ತೊಬ್ಬ ಸದಸ್ಯರು: ಇದು ಮೋಸ ಅಲ್ಲವೇ ಮೇಡಂ? ಛಾಯಾಗ್ರಾಹಕರ ಸಿಟ್ಟನ್ನು ನಾವೇಕೆ ಸತ್ಯ ಎಂದು ಒಪ್ಪಬೇಕು?

ಉತ್ತರ: ಒಪ್ಪಬೇಕಾಗಿಲ್ಲ, ಕೇಳಬೇಕಾದ ಪ್ರಶ್ನೆಯೇ. ನನ್ನ ಮಟ್ಟಿಗೆ ಕ್ರುಪ್ ಚಿತ್ರವನ್ನು ಸಮರ್ಥಿಸುತ್ತೇನೆ. ಅವನ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿತ್ತು, ಮತ್ತು ಆ ಬೆಳಕು ತಾನು ಸಹಜ ಎಂದು ನಟಿಸುತ್ತಿಲ್ಲ. ಇನ್ನೊಂದು ಉದಾಹರಣೆ ನೋಡಿ. 1994ರ ಜೂನ್‌ನಲ್ಲಿ ಅಮೆರಿಕದ ಕಪ್ಪುವರ್ಣೀಯ ಫುಟ್ಬಾಲ್ ತಾರೆ ಓ.ಜೆ. ಸಿಂಪ್ಸನ್ ಕೊಲೆ ಆರೋಪದಲ್ಲಿ ಬಂಧನವಾದಾಗ ಟೈಮ್ ಮತ್ತು ನ್ಯೂಸ್‌ವೀಕ್ ಎರಡೂ ಪತ್ರಿಕೆಗಳ ಮುಖಪುಟದಲ್ಲಿ ಪೊಲೀಸರು ತೆಗೆದ ಒಂದೇ ಫೋಟೊ ಬಂತು. ನ್ಯೂಸ್‌ವೀಕ್ ಇದ್ದ ಹಾಗೆ ಹಾಕಿತು. ಟೈಮ್‌ನಲ್ಲಿ ಮುಖವನ್ನು ಇನ್ನಷ್ಟು ಕಪ್ಪಾಗಿಸಿ, ಅಂಚುಗಳನ್ನು ಕತ್ತಲು ಮಾಡಲಾಗಿತ್ತು. ವಿಚಾರಣೆಯೇ ಶುರುವಾಗಿರಲಿಲ್ಲ! ಎರಡು ಪತ್ರಿಕೆಗಳೂ ಅಂಗಡಿಯಲ್ಲಿ ಅಕ್ಕಪಕ್ಕ ಕಂಡಾಗ ಗಲಾಟೆಯಾಯಿತು, ಜನಾಂಗೀಯ ಪೂರ್ವಗ್ರಹ ಎಂಬ ಟೀಕೆ ಬಂತು. ಇದನ್ನು ನಾನು ಸಮರ್ಥಿಸಲಾರೆ.

ದೊಡ್ಡವರ ಕಥೆ ಬಿಡಿ, ನನ್ನದನ್ನೇ ಹೇಳುತ್ತೇನೆ. ಸ್ಟುಡಿಯೊ ಶುರುಮಾಡಿದ ಹೊಸತು. ನಿವೃತ್ತರಾಗುತ್ತಿದ್ದ ಮೇಷ್ಟ್ರೊಬ್ಬರ ಚಿತ್ರ ತೆಗೆಯಬೇಕಿತ್ತು. ಒಂದೇ ದೀಪ, ನೇರ ಪಕ್ಕದಿಂದ, ಅರ್ಧ ಮುಖ ಮಸಿ. ಏನೋ ಮಹಾ ಕಲೆ ಮಾಡಿದೆ ಅಂತ ಬೀಗುತ್ತಾ ಪ್ರಿಂಟ್ ಕೊಟ್ಟೆ. ಅವರ ಮಗಳು ತುಂಬ ಹೊತ್ತು ನೋಡಿ, "ಚೆನ್ನಾಗಿದೆ, ಆದರೆ ಅಪ್ಪ ಏನನ್ನೋ ಮುಚ್ಚಿಡ್ತಿರೋ ಹಾಗೆ ಕಾಣ್ತಾರೆ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅರ್ಧ ಮುಖ ನಾನೇ ಮುಚ್ಚಿದ್ದೆನಲ್ಲ. ಕತ್ತಲಿನ ಕಡೆ ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ ಮತ್ತೆ ತೆಗೆದುಕೊಟ್ಟೆ. ನೆರಳು ಉಳಿಯಿತು, ಅದರೊಳಗೆ ಕಣ್ಣೂ ಕಂಡಿತು. ಆ ಚಿತ್ರವನ್ನು ಅವರು ಮನೆಗೆ ಒಯ್ದರು.

ಮತ್ತೊಬ್ಬರು: ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರಲ್ಲ, ಅಜ್ಜಿಗೆ ಅದೇ ಸರಿಯೇ?

ಉತ್ತರ: ಸರಿಹೊಂದುತ್ತದೆ. ಬೆಳಕು ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿ ಸರಿದು, ಕಣ್ಣಿಗಿಂತ ಮೇಲಿಂದ ಬಂದರೆ ಕತ್ತಲಿನ ಕೆನ್ನೆಯ ಮೇಲೆ ಬೆಳಕಿನ ತ್ರಿಕೋನ ಉಳಿಯುತ್ತದೆ. ಮಧ್ಯಾಹ್ನದ ಫೋಟೊದಲ್ಲಿ ಅದು ಆಗಲೇ ಅರ್ಧ ಬಂದಿದೆ, ಅಜ್ಜಿ ಮುಖವನ್ನು ಕಿಟಕಿಯ ಕಡೆ ತುಸು ತಿರುಗಿಸಿದ್ದರೆ ಪೂರ್ತಿ ಬರುತ್ತಿತ್ತು. ಹೆಸರುಗಳನ್ನು ಬಾಯಿಪಾಠ ಮಾಡಬೇಡಿ, ತ್ರಿಕೋನ ಬಂತಾ ಅಂತ ನೋಡುತ್ತಾ ಕೂತರೆ ಮುಖ ತಪ್ಪಿಹೋಗುತ್ತದೆ.

ಮರುಪ್ರಶ್ನೆ: ಇನ್ನೊಂದು ದಿನ ಅದೇ ಕಿಟಕಿ, ಅದೇ ಜಾಗದಲ್ಲಿ ತೆಗೆದೆ. ಮುಖದ ಮೇಲೆ ಚಾಕುವಿನಲ್ಲಿ ಗೀರಿದ ಹಾಗೆ ನೆರಳು ಬಂತು. ಆ ಮೃದುತನ ಎಲ್ಲಿ ಹೋಯಿತು?

ಉತ್ತರ: ಆ ದಿನ ಬಿಸಿಲು ನೇರವಾಗಿ ಒಳಗೆ ಬಿದ್ದಿರಬೇಕು. ಮೃದು, ಗಡುಸು ಅನ್ನುವುದು ಬೆಳಕು ಎಷ್ಟು ಜೋರು ಎಂಬುದರ ಮೇಲೆ ನಿಂತಿಲ್ಲ. ಮುಖಕ್ಕೆ ಆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಮುಖ್ಯ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೊಮೀಟರ್, ಆದರೆ ಇಲ್ಲಿಂದ ಅವನು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ. ಹಾಗಾಗಿ ನಮ್ಮ ಪಾಲಿಗೆ ಅವನೊಂದು ಸಣ್ಣ ದೀಪ, ನೆರಳು ಚೂಪು. ಮೋಡ ಕವಿದರೆ ಇಡೀ ಆಕಾಶವೇ ದೀಪ. ಕಿಟಕಿಗೆ ತೆಳು ಬಿಳಿ ಪರದೆ ಎಳೆದರೆ ಪರದೆಯೇ ದೀಪ.

ಮನೆಯಲ್ಲೇ ನೋಡಬಹುದು. ಬಿಳಿ ಹಾಳೆಯ ಮೇಲೆ ಪೆನ್ನು ನಿಲ್ಲಿಸಿ, ಮೇಜಿನ ದೀಪವನ್ನು ದೂರದಿಂದ ಹಿಡಿಯಿರಿ. ನೆರಳಿನ ಅಂಚು ಗೆರೆ ಎಳೆದಂತಿರುತ್ತದೆ. ಈಗ ದೀಪದ ಮುಂದೆ ಒಂದಡಿ ಅಗಲದ ಬಟ್ಟೆ ಹಿಡಿದು ಹತ್ತಿರ ತನ್ನಿ. ಪೆನ್ನಿನ ಬುಡದಲ್ಲಿ ನೆರಳು ಗಟ್ಟಿಯಾಗಿದ್ದು, ತುದಿಗೆ ಹೋಗುತ್ತಾ ಹೊಗೆಯಂತೆ ಕರಗುತ್ತದೆ. ಅಜ್ಜಿಯ ಕೆನ್ನೆಯ ಮೇಲೆ ಮಧ್ಯಾಹ್ನ ನಡೆದದ್ದು ಇದೇ.

ಗಡುಸು ಬೆಳಕು ಕೆಟ್ಟದ್ದು ಅಂದುಕೊಳ್ಳಬೇಡಿ. ಹಟ, ಧಾರ್ಷ್ಟ್ಯ, ಬೇಸಗೆಯ ಉರಿ ತೋರಿಸಬೇಕಾದರೆ ನಾನು ಪರದೆ ಸರಿಸುತ್ತೇನೆ. ಇತ್ತ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಬಿಡಾರದಲ್ಲಿ 'ಮೈಗ್ರಂಟ್ ಮದರ್' ಎಂದು ಹೆಸರಾದ ತಾಯಿಯ ಚಿತ್ರ ತೆಗೆದಾಗ ಮೇಲೆ ಗುಡಾರದ ನೆರಳಿತ್ತು, ಬೆಳಕು ಹರಡಿಕೊಂಡಿತ್ತು. ಅಲ್ಲಿ ಬೆಳಕು ಏನನ್ನೂ ಕೂಗಿ ಹೇಳುವುದಿಲ್ಲ. ಹಾಗಾಗಿಯೇ ಆಕೆಯ ಹಣೆಯ ಗೆರೆ, ಕೆನ್ನೆಗೆ ತಾಗಿದ ಬೆರಳು ಮಾತಾಡುತ್ತವೆ.

ಮತ್ತೊಬ್ಬರು: ನಮ್ಮ ಮನೆಯಲ್ಲಿ ಎಲ್ಲರದೂ ಕಪ್ಪು ಮೈಬಣ್ಣ. ಮೊಬೈಲ್‌ನಲ್ಲಿ ತೆಗೆದರೆ ಒಂದೋ ಮುಖ ಬೂದಿ ಬಳಿದ ಹಾಗೆ, ಇಲ್ಲವೇ ಕತ್ತಲು.

ಉತ್ತರ: ಮೊದಲು ಬ್ಯೂಟಿ ಫಿಲ್ಟರ್ ತೆಗೆದುಹಾಕಿ, ಚರ್ಮದ ಕಾಂತಿಯನ್ನು ಒರೆಸಿಹಾಕುವುದೇ ಅದು. ಈ ತಾರತಮ್ಯ ಹಳೆಯದು. ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ಕೊಡಾಕ್‌ನ ಶರ್ಲಿ ಕಾರ್ಡ್‌ಗಳಲ್ಲಿ ದಶಕಗಳ ಕಾಲ ಬಿಳಿಯ ಹೆಣ್ಣುಮಕ್ಕಳ ಚಿತ್ರವೇ ಇತ್ತು. ಕಪ್ಪು ಚರ್ಮದ ಆಕಾರ ಹೇಳುವುದು ಅದರ ಮೇಲಿನ ಹೊಳಪು. ಆದ್ದರಿಂದ ಬೆಳಕನ್ನು ಜೋರು ಮಾಡುವ ಬದಲು ಅಗಲ ಮಾಡಿ. ದೊಡ್ಡ ಕಿಟಕಿಯನ್ನೋ ಬಿಳಿ ಗೋಡೆಯನ್ನೋ ಪಕ್ಕಕ್ಕೆ ಇಟ್ಟುಕೊಳ್ಳಿ, ಅದರ ಪ್ರತಿಫಲನ ಕೆನ್ನೆಯ ಮೇಲೆ ಉದ್ದಕ್ಕೆ ಹರಿಯಲಿ.

ಮರುಪ್ರಶ್ನೆ: ಬಣ್ಣದ ಬಗ್ಗೆ ಒಂದು ಮಾತು ಮೇಡಂ. ಮೇಣದಬತ್ತಿ ಹಚ್ಚಿ ತೆಗೆದರೂ ಆಫೀಸಿನ ಬೆಳಕಿನ ಹಾಗೆ ಬರುತ್ತದೆ.

ಉತ್ತರ: ಆಟೊ ವೈಟ್ ಬ್ಯಾಲೆನ್ಸ್‌ನ ಕೆಲಸ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತೇವೆ, ಅಂಕಿ ಕಮ್ಮಿಯಾದಷ್ಟು ಹಳದಿ, ಹೆಚ್ಚಾದಷ್ಟು ನೀಲಿ. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಹಳದಿ ಬಲ್ಬಿನದು 2700ರ ಹತ್ತಿರ, ನಡುಹಗಲಿನದು 5500ರ ಆಸುಪಾಸು. ನೆರಳಲ್ಲಿ ನಿಂತರೆ ನೀಲಿ ಆಕಾಶದ ಬೆಳಕು 7000 ದಾಟುತ್ತದೆ. ಕ್ಯಾಮೆರಾ ಎಲ್ಲವನ್ನೂ ಬಿಳಿಯ ಕಡೆ ಎಳೆಯಲು ನೋಡುತ್ತದೆ. ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟು ತೆಗೆಯಿರಿ, ದೀಪ ದೀಪವಾಗಿ ಉಳಿಯುತ್ತದೆ.

ನೀಲಿ ಎಂದರೆ ದುಃಖ, ಹಳದಿ ಎಂದರೆ ಸಂತೋಷ ಎಂಬ ಪಟ್ಟಿಗಳಲ್ಲಿ ನನಗೆ ನಂಬಿಕೆ ಇಲ್ಲ. ಮುಸ್ಸಂಜೆಯ ನೀಲಿಯಲ್ಲಿ ಒಂದೇ ಒಂದು ಹಳದಿ ಕಿಟಕಿ ಉರಿಯುತ್ತಿದೆ ಅನ್ನಿ. ಹೊರಗೆ, ನಮಗೆ ಬೆನ್ನು ಮಾಡಿ ನಿಂತವನನ್ನು ಹಿಂದಿನಿಂದ ತೆಗೆದರೆ ಅವನು ಹೊರಗೆ ಉಳಿದವನು. ಒಳಗಿನಿಂದ ತೆಗೆದರೆ ಅದೇ ನೀಲಿ ನೆಮ್ಮದಿಯಾಗುತ್ತದೆ.

ಪ್ರಶ್ನೆ ಕೇಳಿದವರು: ಮೇಡಂ, ಇವತ್ತು ಮತ್ತೆ ತೆಗೆದೆ. ಸೂರಿನ ದೀಪ ಆರಿಸಿ, ಪರದೆ ಎಳೆದು, ಕುರ್ಚಿ ಕಿಟಕಿಗೆ ತಂದೆ. "ಇರೋ ಲೈಟೂ ಆರಿಸಿ ಫೋಟೊ ತೆಗಿತೀಯಲ್ಲೋ" ಅಂತ ಅಜ್ಜಿ ನಕ್ಕರು, ಆ ನಗುವೇ ಸಿಕ್ಕಿತು. ಕಣ್ಣಲ್ಲಿ ಚೌಕವೂ ಇದೆ. ಆದರೆ ಹಿಂದಿನ ಗೋಡೆ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತಿದೆ, ಹೊಸ ಫೋಟೊ ನೋಡಿ.

ಉತ್ತರ: ನಗು ಬಹಳ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಗೋಡೆಗೆ ದೂರದ ಲೆಕ್ಕ ಬಳಸಿ. ಸಣ್ಣ ದೀಪದಿಂದ ಮುಖ 1 ಮೀಟರ್, ಗೋಡೆ 3 ಮೀಟರ್ ಇದ್ದರೆ ಗೋಡೆಗೆ ಸಿಗುವುದು ಒಂಬತ್ತನೇ ಒಂದು ಪಾಲು ಬೆಳಕು, ಅಂದರೆ ಮೂರು ಸ್ಟಾಪ್‌ಗಿಂತ ತುಸು ಹೆಚ್ಚೇ ಕತ್ತಲು (ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್). ಅದೇ 4 ಮತ್ತು 6 ಮೀಟರ್ ಆದರೆ ವ್ಯತ್ಯಾಸ ಒಂದು ಸ್ಟಾಪ್ ಚಿಲ್ಲರೆ ಅಷ್ಟೇ. ಕಿಟಕಿ ಅಗಲವಾದ್ದರಿಂದ ಇಷ್ಟು ಕಡಿದಾಗಿ ಇಳಿಯುವುದಿಲ್ಲ, ಆದರೂ ದಾರಿ ಅದೇ. ನಿಮ್ಮ ಕುರ್ಚಿ ಗೋಡೆಗೆ ಆನಿಕೊಂಡಿದೆ. ಕಿಟಕಿಯ ಹತ್ತಿರಕ್ಕೆ ಇನ್ನೊಂದೆರಡು ಅಡಿ ತನ್ನಿ, ಗೋಡೆಯ ಕಡೆಯ ಅರ್ಧ ಪರದೆಗೆ ದಪ್ಪ ಬಟ್ಟೆ ಹಾಕಿ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಕತ್ತಲನ್ನು ಕಂಡರೆ ಬೂದು ಮಾಡಲು ಹೊರಡುತ್ತದೆ, ಎಕ್ಸ್‌ಪೋಶರ್ ಮೈನಸ್ 1ಕ್ಕೆ ಇಳಿಸಿಕೊಳ್ಳಿ. ಮತ್ತೆ ಬೈದರೆ ಬೈಸಿಕೊಳ್ಳಿ, ಆಗಲೂ ಒಂದು ಕ್ಲಿಕ್ ಮಾಡಿ.