ಗೇಮ್ ಒಂದು ದಿನ ಲಾಗಿನ್ ಆಗುತ್ತದೆ, ಒಂದು ದಿನ ಆಗಲ್ಲ. ಸರ್ವರ್ ದೋಷವಾ? (ಪರಿಹಾರ ಸಿಕ್ಕಿದೆ)

ಬನಹಟ್ಟಿ ಹೀಲರ್:
ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್. ತೊಂದರೆ ಎರಡು.

ಕೆಲವು ದಿನ ಗೇಮ್ ಲಾಗಿನ್ ಆಗುವುದೇ ಇಲ್ಲ. ಸುರಕ್ಷಿತ ಸಂಪರ್ಕ ಸಿಗಲಿಲ್ಲ ಅಂತ ಹೊರಗೆ ದಬ್ಬುತ್ತದೆ. ಪಾಸ್‌ವರ್ಡ್ ಸರಿ ಇದೆ. ಅದೇ ವೈಫೈನಲ್ಲಿ ಮೊಬೈಲ್ ಚೆನ್ನಾಗಿ ಓಡುತ್ತದೆ. ಎರಡು ಸಲ ಗೇಮ್ ಅಳಿಸಿ ಮತ್ತೆ ಹಾಕಿದೆ, ಡೇಟಾ ಸುಮ್ನೆ ಹೋಯ್ತು. ಸಂಜೆ ನೋಡಿದರೆ ತಾನಾಗಿಯೇ ಸರಿ!

ಇನ್ನು ಲಾಗಿನ್ ಆದ ದಿನವೂ ಅರ್ಧ ಗಂಟೆಗೆ ಗೇಮ್ ತೆವಳುತ್ತದೆ. ಪಿಂಗ್ (ಸರ್ವರ್ ಉತ್ತರ ಬರಲು ಹಿಡಿಯುವ ಸಮಯ) 70ರಲ್ಲೇ ಇರುತ್ತದೆ, ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರುವ ಚಿತ್ರಗಳು) ಮಾತ್ರ 50ರಿಂದ 12ಕ್ಕೆ ಬೀಳುತ್ತದೆ. ಮೊನ್ನೆ ರೇಡ್‌ನಲ್ಲಿ (ಗುಂಪು ದಾಳಿ) ನಾನು ಹೀಲ್ ಒತ್ತುವಷ್ಟರಲ್ಲಿ ನಮ್ಮ ಟ್ಯಾಂಕ್, ಅಂದರೆ ಮುಂದೆ ನಿಂತು ಏಟು ತಿನ್ನುವವನು, ಸತ್ತೇ ಹೋದ. ಗಿಲ್ಡ್‌ನವರು ಬೈದದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಹಾಂ, ಆನ್ ಮಾಡಿದಾಗ ಒಮ್ಮೊಮ್ಮೆ ಕಪ್ಪು ಪರದೆ ಬಂದು ಎಫ್1 ಒತ್ತು ಅನ್ನುತ್ತದೆ. ಅದು ಮೊದಲಿನಿಂದಲೂ ಹಾಗೇ, ಒತ್ತಿ ಮುಂದೆ ಹೋಗುತ್ತೇನೆ.

ಜಮಖಂಡಿ ಜಾದೂಗಾರ:
ಸರ್ವರ್‌ದೇ ತಪ್ಪು ತಮ್ಮಾ. ಡಿಎನ್‌ಎಸ್ (ಸರ್ವರ್ ವಿಳಾಸ ಹುಡುಕಿಕೊಡುವ ಸೇವೆ) 8.8.8.8 ಹಾಕಿ ನೋಡು.

ಬನಹಟ್ಟಿ ಹೀಲರ್:
ಹಾಕಿದೆ ಅಣ್ಣಾ. ಏನೂ ಫರಕಿಲ್ಲ.

ಟಿಳಕವಾಡಿ ಟ್ಯಾಂಕ್:
ಡಿಎನ್‌ಎಸ್ ಬಿಡಿ. ಕೊನೆಗೆ ಒಂದು ಎಫ್1 ಮಾತು ಸೇರಿಸಿದಿರಲ್ಲ, ನನಗೆ ಅದರ ಮೇಲೇ ಕಣ್ಣು. ಮುಂದಿನ ಸಲ ಲಾಗಿನ್ ಆಗದಿದ್ದಾಗ ಕೆಳಗೆ ಬಲಮೂಲೆಯ ತಾರೀಕು ನೋಡಿ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತಾ, ಯಾರಾದರೂ ಮೇನ್ ಸ್ವಿಚ್ ತೆಗೆದಿದ್ದರಾ, ಅದನ್ನೂ ಹೇಳಿ.

ಬನಹಟ್ಟಿ ಹೀಲರ್:
ಸರ್, ತಾರೀಕು 1-1-2015!! ನಮ್ಮದು ಮಗ್ಗದ ಮನೆ. ಮಗ್ಗ ಬಂದ್ ಇಟ್ಟ ರಾತ್ರಿ ಅಪ್ಪ ಮೇನ್ ತೆಗೆದೇ ಮಲಗುತ್ತಾರೆ. ಮರುದಿನವೇ ಹೀಗಾಗುವುದು. ಸಂಜೆ ಹೇಗೆ ಸರಿಯಾಗುತ್ತದೆ ಅಂತ ತಲೆ ಕೆಡಿಸಿಕೊಂಡು ತಂಗಿಯನ್ನು ಕೇಳಿದೆ. ಸೀರೆ ಲೆಕ್ಕ ಬರೆಯೋಕೆ ಕೂತಾಗ ಬಿಲ್ಲಿನ ತಾರೀಕು ತಪ್ಪು ಬರುತ್ತದೆ ಅಂತ ಪ್ರತಿ ಸಲ ಅವಳೇ ಸರಿ ಮಾಡುತ್ತಿದ್ದಳಂತೆ. ನನಗೆ ಒಂದು ಮಾತು ಹೇಳಿಲ್ಲ.

ಟಿಳಕವಾಡಿ ಟ್ಯಾಂಕ್:
ಸರ್ ಅಲ್ಲ, ಅಕ್ಕ ಅನ್ನು ತಮ್ಮಾ. ಸರ್ವರ್ ಪಾಪ, ಅದರ ತಪ್ಪೇನೂ ಇಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಒಳಗಿನ ಗಡಿಯಾರ ನಡೆಯುತ್ತದೆ. ಮೇನ್ ತೆಗೆದರೆ ಆ ಸೆಲ್ಲೇ ಗತಿ. ನಿನ್ನದು ಸತ್ತಿದೆ, ಎಫ್1 ಕೇಳುವುದೂ ಅದಕ್ಕೇ. ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. 2015ರಲ್ಲಿ ಕೂತ ಕಂಪ್ಯೂಟರಿಗೆ ಆ ಪತ್ರ ಇನ್ನೂ ಹುಟ್ಟೇ ಇಲ್ಲ, ನಂಬುವುದು ಹೇಗೆ? ವಿಂಡೋಸ್ ನೆಟ್‌ನಿಂದ ಸಮಯ ತಗೊಳ್ಳುತ್ತದೆ ನಿಜ, ಆದರೆ ಫರಕು ವರ್ಷಗಟ್ಟಲೆ ಇದ್ದರೆ ತಾನಾಗಿ ತಿದ್ದಿಕೊಳ್ಳದೆ ಸುಮ್ಮನಿರುವುದೂ ಉಂಟು.

ಸಿಆರ್2032 ಅಂತ ಕೇಳು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. 20 ಅಂದರೆ ಅಗಲ 20 ಮಿ.ಮೀ., 32 ಅಂದರೆ ದಪ್ಪ 3.2 ಮಿ.ಮೀ. 'ಇದೂ ನಡೆಯುತ್ತೆ' ಅಂತ 2025 ಕೊಟ್ಟರೆ ಬೇಡ ಅನ್ನು, ಅದು ತೆಳ್ಳಗೆ. ಪ್ಲಗ್ ಕಿತ್ತು, ಸೆಲ್ ಪಕ್ಕದ ಕೊಂಡಿ ಸರಿಸು, ಹಳೆಯದು ತಾನೇ ಏಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಹಾಕು. ಆಮೇಲೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ತಾರೀಕು ಕೊಟ್ಟು ಸೇವ್ ಮಾಡು.

ಡಬ್ಬ ಬಿಚ್ಚಿದಾಗ ಫ್ಯಾನ್ ಕಡೆಗೂ ನೋಡು. ಪಿಂಗ್ ಕದಲದೆ ಎಫ್‌ಪಿಎಸ್ ಬೀಳುತ್ತಿದೆ ಅಂದರೆ ಅದು ನೆಟ್ ಅಲ್ಲ. ಮಗ್ಗದ ಮನೆ ಬೇರೆ ಅಂದೆ.

ಬನಹಟ್ಟಿ ಹೀಲರ್:
ಅಕ್ಕಾ, ಪ್ರೊಸೆಸರ್ ಫ್ಯಾನ್ ಬಿಚ್ಚಿದರೆ ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳು ಕಾಣುತ್ತಲೇ ಇಲ್ಲ! ನೂಲಿನ ಧೂಳು ಕಂಬಳಿಯಂತೆ ಕೂತಿತ್ತು. ಚಿಮಟದಿಂದ ಎಳೆದರೆ ಒಂದೇ ಪದರವಾಗಿ ಬಂತು, ಕೆಂಪು ಹಸಿರು ಎಳೆ ಸಮೇತ. 'ಇದರಲ್ಲಿ ಒಂದು ಕುಂಚಿಗೆ ಆಗುತ್ತೆ' ಅಂದಳು ಅವ್ವ.

ಟಿಳಕವಾಡಿ ಟ್ಯಾಂಕ್:
ಬಿಸಿ ಮಿತಿ ದಾಟಿದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಿನ್ನ ಗೇಮ್ ತೆವಳಿದ್ದು ಅದಕ್ಕೇ. ಉಳಿದದ್ದನ್ನು ಒಣ ಬ್ರಷ್‌ನಿಂದ ತೆಗೆ. ಬ್ಲೋವರ್ ಹಿಡಿದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿಕೋ, ಗಿರಗಿರ ತಿರುಗಲು ಬಿಡಬೇಡ. ಆ ಅಲ್ಯೂಮಿನಿಯಂ ಪಟ್ಟಿಗಳ ಗಟ್ಟಿಯನ್ನೂ ಪ್ರೊಸೆಸರ್ ಮೇಲಿಂದ ಎತ್ತಿದ್ದರೆ ನಡುವಿನ ಹಳೆಯ ಪೇಸ್ಟ್ (ಬಿಸಿ ದಾಟಿಸುವ ಲೇಪ) ಒರೆಸಿ ಹೊಸದು ಹಚ್ಚಿಯೇ ಕೂರಿಸು. ತಿಂಗಳಿಗೊಮ್ಮೆ ಬ್ರಷ್ ಆಡಿಸು, ನಿಮ್ಮ ಮನೆಗೆ ವರ್ಷಕ್ಕೊಮ್ಮೆ ಸಾಲದು.

ಬನಹಟ್ಟಿ ಹೀಲರ್:
ಹತ್ತು ದಿನ ಆಯ್ತು. ಅಪ್ಪ ಎರಡು ಸಲ ಮೇನ್ ತೆಗೆದರು, ತಾರೀಕು ಕದಲಿಲ್ಲ. ಎರಡು ಗಂಟೆ ರೇಡ್ ಆಡಿದರೂ ಎಫ್‌ಪಿಎಸ್ 48ಕ್ಕಿಂತ ಇಳಿದಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಜಮಖಂಡಿ ಜಾದೂಗಾರ:
ನಾನು ಹೇಳಿದ ಡಿಎನ್‌ಎಸ್ ಇನ್ನೂ ಇದೆಯಲ್ವಾ? ಅದರ ಕೈಗುಣವೂ ಇರಬಹುದು.

ಬನಹಟ್ಟಿ ಹೀಲರ್:
ಇರಲಿ ಬಿಡು ಅಣ್ಣಾ, ತೆಗೆದಿಲ್ಲ. ತಂಗಿ ಮಾತ್ರ ಸೆಲ್ಲಿನ ದುಡ್ಡನ್ನೂ ಸೀರೆ ಲೆಕ್ಕದಲ್ಲಿ ಬರೆದಿದ್ದಾಳೆ, ನನ್ನ ಹೆಸರಿಗೆ ಬಾಕಿ ಅಂತ. ತಾರೀಕು ಸರಿಯಾಗಿಯೇ ಬಿದ್ದಿದೆ.