ಫೋನ್ ಕಿತ್ಕೊಂಡ್ರೆ ಸಾಕಾ?

ಹೆಂಗಸರನ್ನ ಹೀಗಳೆಯೋ ವಿಡಿಯೋ ನೋಡ್ತಾನೆ, ಮಗನ ಫೋನ್ ಕಿತ್ಕೊಳ್ಳಲಾ ಅಂತ ಕೇಳಿದ ಅಕ್ಕನಿಗೆ: ಕಿತ್ಕೊಂಡ್ರೆ ಸ್ಕೂಲ್ ಬಸ್ಸಲ್ಲಿ ಪಕ್ಕದವನ ಫೋನಲ್ಲಿ ನೋಡ್ತಾನೆ. ನನ್ನ ಮಗನೂ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇಯರ್ 9, ಅಂದ್ರೆ 13-14 ವರ್ಷದವರ ಕ್ಲಾಸು, ಅದಕ್ಕೇ ಬರೀತಿದೀನಿ.

ಹೆಂಗಸರನ್ನ ಬೈಯೋ ವಿಡಿಯೋ ಮೊದಲೇ ಬರಲ್ಲ ರೀ. ಜಿಮ್ಮು, ಪ್ರೋಟೀನು, ಬೇಗ ದುಡ್ಡು ಮಾಡೋದು ಹೇಗೆ, ಇಲ್ಲಿಂದ ಶುರು. ಡಬ್ಲಿನ್ ಸಿಟಿ ಯೂನಿವರ್ಸಿಟಿಯವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹೊಸ ಫೋನುಗಳಲ್ಲಿ 16, 18 ವರ್ಷದ ಹುಡುಗರ ಹೆಸರಲ್ಲಿ ಟಿಕ್‌ಟಾಕ್, ಯೂಟ್ಯೂಬ್ ಶಾರ್ಟ್ಸ್ ಖಾತೆ ತೆಗೆದು ನೋಡಿದ್ರೆ, ಹುಡುಕಲಿ ಬಿಡಲಿ, ಮೊದಲ 23 ನಿಮಿಷದೊಳಗೇ ಹೆಣ್ಣುಮಕ್ಕಳನ್ನ ಹೀಗಳೆಯೋ ಥರದ ವಿಡಿಯೋ ಬಂದಿತ್ತು. ಇಂಥ ಮಾತುಗಳಿಂದಲೇ ಹೆಸರಾದ ಆಂಡ್ರ್ಯೂ ಟೇಟ್‌ ಅನ್ನೋನನ್ನ 2022ರ ಆಗಸ್ಟ್‌ನಲ್ಲಿ ದೊಡ್ಡ ಸೋಶಿಯಲ್ ಮೀಡಿಯಾ ಕಂಪನಿಗಳು ತೆಗೆದುಹಾಕಿದ್ವು. ಆದ್ರೂ ಅವನ ವಿಡಿಯೋ ತುಣುಕುಗಳನ್ನ ಬೇರೆಯವರು ಹಾಕ್ತಾನೇ ಇದಾರೆ.

ನಮ್ಮನೇಲಿ ಗೊತ್ತಾಗಿದ್ದು ಊಟದ ಹೊತ್ತಲ್ಲಿ. ಮಗಳು ಏನೋ ವಾದ ಮಾಡ್ತಿದ್ಲು, ಇವನು ತಟ್ಟೆಯಿಂದ ತಲೆನೂ ಎತ್ತದೆ "ಹೋಗಿ ಸ್ಯಾಂಡ್‌ವಿಚ್ ಮಾಡು" ಅಂದ. ಹೆಣ್ಣಿನ ಜಾಗ ಅಡುಗೆಮನೆ ಅನ್ನೋ ಆನ್‌ಲೈನ್ ಕುಹಕ ಅದು. "ಜೋಕ್ ಅಪ್ಪಾ, ಎಲ್ರೂ ಅಂತಾರೆ." ಮಗಳು ನಗಲಿಲ್ಲ. ಬೈಯೋಣ ಅಂದ್ರೆ, ಅದೇ ವಾರ ನಮ್ಮ ಗಂಡಸರ ವಾಟ್ಸಾಪ್ ಗುಂಪಲ್ಲಿ "ಹೆಂಡತಿ ತವರಿಗೆ ಹೋದಳು, ಗಂಡನಿಗೆ ಸ್ವಾತಂತ್ರ್ಯ ಬಂತು" ಅನ್ನೋ ಫಾರ್ವರ್ಡಿಗೆ ಎಷ್ಟು ಜನ ನಗು ಹಾಕಿದ್ರು ನೋಡಿ. ಸ್ಯಾಂಡ್‌ವಿಚ್ ಬದಲು ಉಪ್ಪಿಟ್ಟು, ಅಷ್ಟೇ ವ್ಯತ್ಯಾಸ.

ಇದೆಲ್ಲ ಬಿಳಿಯರ ಮಕ್ಕಳ ರೋಗ ಅನ್ನೋರಿಗೆ ಒಂದು ಮಾತು. 2025ರ ಜುಲೈನಲ್ಲಿ ನಟಿ ರಮ್ಯಾ ಅತ್ಯಾಚಾರದ ಬೆದರಿಕೆ, ಅಶ್ಲೀಲ ಮೆಸೇಜು ಬರ್ತಿದೆ ಅಂತ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ರು. ಆಮೇಲೆ ಬಂಧನವಾದೋರು ಬೇರೆ ಯಾವ ದೇಶದಿಂದಲೂ ಬಂದೋರಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಒಂದೇ ಪ್ರಶ್ನೆ. ಅವನ ಪಕ್ಕ ಕೂತು ವಿಡಿಯೋ ನೋಡಿ, "ಈ ಮನುಷ್ಯ ಏನು ಮಾರ್ತಿದಾನೋ?" ಅಂತ ಕೇಳಿದೆ. ಟೇಟ್ ತನ್ನ ಆನ್‌ಲೈನ್ ಕೋರ್ಸಿಗೆ ತಿಂಗಳಿಗೆ ಸುಮಾರು 50 ಡಾಲರ್ ಕೀಳ್ತಿದ್ದ. ಹೆಣ್ಣುಮಕ್ಕಳಿಗೆ ಗೌರವ ಕೊಡು ಅಂತ ಹೇಳಿದಾಗೆಲ್ಲ ಕಿವಿಗೇ ಹಾಕ್ಕೊಳ್ಳದವನು, ತನ್ನ ವಯಸ್ಸಿನ ಹುಡುಗರಿಗೆ ಟೋಪಿ ಹಾಕ್ತಿದಾರೆ ಅಂದಾಗ ಎದ್ದು ಕೂತ. ಈ ಮಾತನ್ನ ಅಪ್ಪಂದಿರೇ ಆಡಬೇಕು ಅನ್ನೋದು ನನ್ನ ಅಭಿಪ್ರಾಯ. ಅಮ್ಮನ ಮೇಲೆ ಬಿಟ್ಟು ಐಪಿಎಲ್ ನೋಡ್ತಾ ಕೂತ್ರೆ ಅವನು ಕಲಿಯೋದು ಅದನ್ನೇ.

ಸ್ಕೂಲಿನ ವಿಷಯ: ಸಂಬಂಧಗಳು ಮತ್ತು ಸೆಕ್ಸ್ ಎಜುಕೇಷನ್ ಪಾಠಕ್ಕೆ 2025ರ ಜುಲೈನಲ್ಲಿ ಬಂದ ಸರ್ಕಾರದ ಹೊಸ ಮಾರ್ಗಸೂಚಿ ಇಂಗ್ಲೆಂಡಿನಲ್ಲಿ 2026ರ ಸೆಪ್ಟೆಂಬರಿಂದ ಜಾರಿ. ಆನ್‌ಲೈನ್ ಸ್ತ್ರೀದ್ವೇಷ, ಇನ್ಸೆಲ್ ಗುಂಪುಗಳ (ಸಂಗಾತಿ ಸಿಗದಿದ್ದಕ್ಕೆ ಹೆಂಗಸರನ್ನೇ ದೂರೋ ಗಂಡಸರು) ಬಗ್ಗೆ ಸೆಕೆಂಡರಿ ಮಕ್ಕಳಿಗೆ ಪಾಠ ಇರುತ್ತೆ. ಪಾಠದ ಸಾಮಗ್ರಿ ತೋರಿಸಿ ಅಂತ ನಾವು ಕೇಳಬಹುದು, ಕೇಳಿ. ಸೆಕ್ಸ್ ಎಜುಕೇಷನ್ ಅಂದ ತಕ್ಷಣ ಮಕ್ಕಳನ್ನ ಹೊರಗಿಡೋಕೆ ಪತ್ರ ಬರೆಯೋರು ಸ್ವಲ್ಪ ತಡೀರಿ. ಸಂಬಂಧಗಳ ಪಾಠದಿಂದ ಹಾಗೆ ಹೊರಗಿಡೋಕೂ ಆಗಲ್ಲ, ಬಿಡಿ.

ಇನ್ನೊಂದು, ಯುಗಾದಿ ಕಾರ್ಯಕ್ರಮದ ಸಮಿತಿಯವರಿಗೆ. ಹೋದ ಸಲ ಊಟ ಬಡಿಸಿದ್ದು, ಎಲೆ ಎತ್ತಿದ್ದು ಎಲ್ಲ ಹುಡುಗೀರೇ. ಗಂಡು ಹೈಕಳು ಕಾರ್ ಪಾರ್ಕಲ್ಲಿ ಫುಟ್‌ಬಾಲ್ ಆಡ್ತಿದ್ರು. ಈ ಸಲ ಪಾಳಿ ಪಟ್ಟಿಯಲ್ಲಿ ಸಾರು, ಪಲ್ಯ ಹುಡುಗರಿಗೆ ಹಾಕಿ. ನನ್ನ ಮಗನ ಹೆಸರು ಮೊದಲು ಬರ್ಕೊಳ್ಳಿ. ಪಾಯಸಕ್ಕೆ ಮಾತ್ರ ಬೇಡ, ಅರ್ಧ ಅವನೇ ಕುಡಿದುಬಿಡ್ತಾನೆ.